ಲಷ್ಕರ್ ಮೊಹಲ್ಲಾ ಸಮುದ್ರದಲ್ಲಿ ಮುಳುಗಿದ್ದು

ನನಗೆ ಕಲ್ಲು ಓದುವ ಚಟವಿದೆ. ಕಲ್ಲೆಂದರೆ, ಶಾಸನತಜ್ಞರು ಮಂಡಿಯೂರಿ ಕುಳಿತು ಧೂಳು ಕೊಡವಿ ಓದುವ ಹಳಗನ್ನಡದ ಕಲ್ಲಲ್ಲ. ಅಷ್ಟು ಪುಣ್ಯ ಮಾಡಿದವನು ನಾನಲ್ಲ. ನಮ್ಮ ಮೈಸೂರಿನ ಕಟ್ಟಡಗಳ ಮೂಲೆಯಲ್ಲಿ, ಬೀದಿ ನಲ್ಲಿಯ ಕಟ್ಟೆಯಲ್ಲಿ, ಪಾರ್ಕಿನ ಗೇಟಿನ ಪಕ್ಕದಲ್ಲಿ, ಸೈಕಲ್ಲುಗಳಿಗೆ ಒರಗುದಾಣವಾಗಿಯೂ ನಾಯಿಗಳಿಗೆ ಬೇರೊಂದು ಬಗೆಯ ಅನುಕೂಲವಾಗಿಯೂ ನಿಂತಿರುತ್ತವಲ್ಲ, ಅಸ್ತಿಭಾರದ ಕಲ್ಲು, ಉದ್ಘಾಟನೆಯ ಕಲ್ಲು, ಅನಾವರಣದ ಕಲ್ಲು, ಅವುಗಳನ್ನು ಬಗ್ಗಿ ನೋಡಿ, ಅಗತ್ಯ ಬಿದ್ದರೆ ಮೇಲೆ ಅಂಟಿಸಿದ ಸಿನಿಮಾ ಜಾಹೀರಾತನ್ನು ಉಗುರಿನಿಂದ ಕೆರೆದು, ಮೊದಲಿನಿಂದ ಕೊನೆಯವರೆಗೆ ಓದದೆ ನಾನು ಮುಂದೆ ಹೆಜ್ಜೆಯಿಡಲಾರೆ. ಹೀಗೆ ನಿಂತಾಗಲೆಲ್ಲ ನನ್ನ ಧರ್ಮಪತ್ನಿ ಹತ್ತು ಮಾರು ಮುಂದೆ ಹೋಗಿ, ಈ ಮನುಷ್ಯನಿಗೂ ತನಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಎದುರು ಸಿಕ್ಕಿದವರ ಹತ್ತಿರ ಮಲ್ಲಿಗೆ ಹೂವಿನ ಬೆಲೆ ವಿಚಾರಿಸುತ್ತಾಳೆ.

ಇಷ್ಟು ವರ್ಷಗಳ ಶಿಲಾವ್ಯಾಸಂಗದಿಂದ ನಾನು ಕಂಡುಕೊಂಡ ಸತ್ಯವೊಂದಿದೆ, ವಾಚಕಮಹಾಶಯರು ತಾವೂ ಪರೀಕ್ಷಿಸಿ ನೋಡಬಹುದು. ಸತ್ತವರ ನೆನಪಿಗೆಂದು ಹಾಕಿಸಿದ ಕಲ್ಲಿನಲ್ಲಿ ಅತ್ಯಂತ ದೊಡ್ಡ ಅಕ್ಷರಗಳು ಪರದೆ ಎಳೆದವರದು; ಅದಕ್ಕಿಂತ ಕೊಂಚ ಚಿಕ್ಕವು ಅಧ್ಯಕ್ಷತೆ ವಹಿಸಿದವರದು; ಆಮೇಲೆ ಸಮಿತಿಯವರು, ಉಪಸಮಿತಿಯವರು; ಇವರೆಲ್ಲರೂ ಸುಖವಾಗಿ ಕುಳಿತ ಮೇಲೆ ಜಾಗ ಉಳಿದಿದ್ದರೆ ಸತ್ತವರು. ಒಂದು ನಲ್ಲಿಯ ಕಟ್ಟೆಯನ್ನು ಮಗನೊಬ್ಬ ತಾಯಿಯ ನೆನಪಿಗೆಂದು ಕಟ್ಟಿಸಿದ್ದಾನೆ. ಅವನ ಹೆಸರಿದೆ, ಪದವಿಗಳಿವೆ, ಹುದ್ದೆಯಿದೆ, ತಂದೆಯ ಹುದ್ದೆಯೂ ಇದೆ. ತಾಯಿ ಮಾತ್ರ ‘ಮಾತೃಶ್ರೀಯವರು’ ಎಂಬಷ್ಟರಲ್ಲೇ ತೃಪ್ತರಾಗಬೇಕಾಗಿದೆ. ಆ ಕಟ್ಟೆಯ ಮುಂದೆ ನಿಂತು ನಾನು ಬಹಳ ಸಲ ಆ ಮಗನನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಬೈಯುವ ಅಧಿಕಾರ ನನಗಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಊರಿನ ಒಂದು ಕಲ್ಲಿನಲ್ಲಿ ನನ್ನ ಕೈವಾಡವೂ ಇದೆ.

ಸ್ವಾತಂತ್ರ್ಯ ಬಂದು ಐದಾರು ವರ್ಷಗಳಾಗಿದ್ದ ಕಾಲ. ನನ್ನ ಮನೆ ಲಕ್ಷ್ಮೀಪುರಂನಲ್ಲಿ, ಕೆಲಸ ಲಷ್ಕರ್ ಮೊಹಲ್ಲಾದ ಒಂದು ಶಾಲೆಯಲ್ಲಿ, ಕನ್ನಡ ಪಂಡಿತ. ಶಾಲೆಯ ಹತ್ತಿರವೇ ಒಂದು ವಾಚನಾಲಯವಿತ್ತು. ಎರಡು ಬೆಂಚು, ಮೂರು ಪತ್ರಿಕೆ, ಬೀಗ ಹಾಕಿದ ಒಂದು ಪುಸ್ತಕದ ಬೀರು ಅದರ ಸಮಸ್ತ ಐಶ್ವರ್ಯ. ನನ್ನ ಅಕ್ಷರ ಗುಂಡಗಿದೆ ಎಂಬ ಏಕೈಕ ಅರ್ಹತೆಯಿಂದ ನಾನು ಅದರ ಕಾರ್ಯದರ್ಶಿಯಾಗಿದ್ದೆ. ಅಧ್ಯಕ್ಷರು ನಿವೃತ್ತ ಅಮಲ್ದಾರ್ ಶಿವನಂಜಪ್ಪನವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮೈಮೇಲೆ ಮುಚ್ಚುಗೊರಳಿನ ಕೋಟು. ಸರ್ಕಾರ ಅವರನ್ನು ನಿವೃತ್ತಿಗೊಳಿಸಿತ್ತೇ ಹೊರತು ಅವರು ಸರ್ಕಾರವನ್ನು ಬಿಟ್ಟುಕೊಟ್ಟಿರಲಿಲ್ಲ; ವಾಚನಾಲಯದ ಸಭೆಯನ್ನು ಜಮಾಬಂದಿಯಂತೆ ನಡೆಸುತ್ತಿದ್ದರು. ಬೀರುವಿನ ಬೀಗದ ಕೈ ಅವರ ಉಡಿದಾರದಲ್ಲೇ ಇರುತ್ತಿದ್ದುದರಿಂದ ನಮ್ಮ ಪುಸ್ತಕಗಳು ಓದುಗರ ಕಾಟದಿಂದ ಪೂರ್ತಿ ಸುರಕ್ಷಿತವಾಗಿದ್ದವು.

ಒಂದು ಸಂಜೆ ಅಂಚೆಯವನು ಉದ್ದನೆಯ ಲಕೋಟೆಯೊಂದನ್ನು ತಂದು ನನ್ನ ಕೈಗಿಟ್ಟ. ಮೇಲೆ ಇಂಗ್ಲಿಷಿನಲ್ಲಿ ‘ಕಾರ್ಯದರ್ಶಿಗಳು, ಲ್ಯಾಸ್ಕರ್ ಸ್ಮಾರಕ ಸಮಿತಿ, ಮೈಸೂರು’ ಎಂದು ಟೈಪು ಮಾಡಿತ್ತು. ಅಂಥ ಸಮಿತಿ ನಮ್ಮದಲ್ಲವೆಂದೆ. ಅವನು ತಾಳ್ಮೆಯಿಂದ ವಿವರಿಸಿದ: ಲಷ್ಕರ್ ಎಂದಿದೆ, ಸಮಿತಿ ಎಂದಿದೆ, ಕಾರ್ಯದರ್ಶಿ ಎಂದಿದೆ, ಈ ಮೂರೂ ಒಟ್ಟಿಗಿರುವ ಜಾಗ ಈ ಮೊಹಲ್ಲಾದಲ್ಲಿ ಇದೊಂದೇ. ತರ್ಕದಲ್ಲಿ ಸೋತ ನಾನು ಲಕೋಟೆ ಒಡೆದೆ.

ಬೊಂಬಾಯಿಯ ಒಂದು ಹಡಗು ಕಂಪನಿಯ ಪತ್ರ ಅದು. ಮಹಾಯುದ್ಧದಲ್ಲಿ ಸಾಮಾನು ಸಾಗಿಸುತ್ತಿದ್ದ ಅವರ ಹಡಗುಗಳು ಶತ್ರುಗಳ ಕೈಯಲ್ಲಿ ಮುಳುಗಿ, ಬಂದೂಕು ಹಿಡಿಯದ ಬಡ ನಾವಿಕರು ಅನೇಕರು ಸತ್ತರಂತೆ. ಅವರ ಸ್ಮಾರಕವಾಗಿ ಹಿತ್ತಾಳೆಯ ಫಲಕಗಳನ್ನು ಎರಕ ಹೊಯ್ಯಿಸಿ, ಸತ್ತವರು ಯಾವ ಯಾವ ಊರಿನವರೋ ಆ ಊರುಗಳಿಗೆ ಒಂದೊಂದನ್ನು ಕಳುಹಿಸುತ್ತಿದ್ದಾರಂತೆ. ಮೈಸೂರಿಗೂ ಒಂದು ಬರಲಿದೆ. ಸ್ಥಳೀಯ ಸಮಿತಿಯವರು ಅದನ್ನು ಕಲ್ಲಿನಲ್ಲಿ ಕೂರಿಸಿ, ಕೆಳಗೆ ದೇಶಭಾಷೆಯಲ್ಲಿ ಅದರ ಸಾರಾಂಶವನ್ನು ಕೆತ್ತಿಸಬೇಕು. ಅಂಥ ಸಮಿತಿ ಇದ್ದೇ ಇರುತ್ತದೆಂದು ಕಂಪನಿ ನಂಬಿತ್ತು. ಭರತಖಂಡದಲ್ಲಿ ಯಾವುದಿಲ್ಲದಿದ್ದರೂ ಸಮಿತಿ ಇರುತ್ತದೆಂದು ತಿಳಿದಿದ್ದ, ಪತ್ರ ಬರೆದ ಆ ಗುಮಾಸ್ತನ ಲೋಕಾನುಭವ ದೊಡ್ಡದು.

ಮೈಸೂರಿಗೂ ಸಮುದ್ರಕ್ಕೂ ಇರುವ ಸಂಬಂಧವನ್ನು ತಾವು ಬಲ್ಲಿರಿ. ನಮ್ಮ ಪಾಲಿನ ಮಹಾಸಾಗರವೆಂದರೆ ಕುಕ್ಕರಹಳ್ಳಿ ಕೆರೆ. ಅದರ ಏರಿಯ ಮೇಲೆ ಸಂಜೆ ಗಾಳಿ ಬೀಸಿದರೆ ಮಫ್ಲರು ಸುತ್ತಿಕೊಳ್ಳುವ ಜನ ನಾವು. ಆದರೂ ಪತ್ರವನ್ನು ಕೇಳಿದೊಡನೆ ಶಿವನಂಜಪ್ಪನವರು ಕೋಟಿನ ಗುಂಡಿ ಸರಿಪಡಿಸಿಕೊಂಡು, ನಮ್ಮ ಲಷ್ಕರಿಗೆ ತಾನಾಗಿ ಬಂದ ಗೌರವವನ್ನು ಹಿಂದಿರುಗಿಸಿದರೆ ಪಕ್ಕದ ಮೊಹಲ್ಲಾ ನಜರ್‌ಬಾದಿನವರು ಎಗರಿಸಿಕೊಂಡು ಹೋಗುತ್ತಾರೆಂದು ಎಚ್ಚರಿಸಿದರು. ಅದೇ ಸಭೆಯಲ್ಲಿ ನಾವು ಲಷ್ಕರ್ ಸ್ಮಾರಕ ಸಮಿತಿಯಾದೆವು.

ಫಲಕ ಬಂತು. ದೊಡ್ಡ ಅಕ್ಷರಗಳಲ್ಲಿ ಹಡಗುಗಳ ಹೆಸರು, ಅವುಗಳ ಕೆಳಗೆ ಕ್ಯಾಪ್ಟನ್ನರು, ಇಂಜಿನಿಯರುಗಳು, ಅವರ ಕೈಕೆಳಗಿನ ಮೇಟುಗಳು, ಒಬ್ಬೊಬ್ಬರ ಹೆಸರೂ ಮುದ್ದಾಗಿ, ಎಲ್ಲ ಬಿಳಿ ದೊರೆಗಳೇ. ಕೊನೆಯ ಸಾಲಿನಲ್ಲಿ ‘ಅಂಡ್ ಲ್ಯಾಸ್ಕರ್ಸ್’ ಎಂದು ಎರಡೇ ಮಾತು. ಇದನ್ನು ಕನ್ನಡಕ್ಕೆ ತರುವ ಹೊಣೆ ನನ್ನ ಮೇಲೆ ಬಿತ್ತು.

ಇಲ್ಲಿಯೇ ನನ್ನ ಪಾಂಡಿತ್ಯ ನನ್ನ ಕಾಲಿಗೆ ತೊಡರಿಕೊಂಡಿದ್ದು. ಏನೂ ತಿಳಿಯದವನಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದೆ. ಆದರೆ ಲಷ್ಕರ್ ಎಂಬುದು ಪಾರಸಿ ಪದವೆಂದೂ, ಸೈನ್ಯ, ಪಾಳೆಯ, ದಂಡು ಎಂದು ಅದರ ಅರ್ಥವೆಂದೂ, ಹಿಂದೆ ದಂಡು ಬೀಡುಬಿಟ್ಟಿದ್ದರಿಂದಲೇ ಈ ಮೊಹಲ್ಲಾಕ್ಕೆ ಆ ಹೆಸರು ಬಂದಿರಬೇಕೆಂದೂ ನನಗೆ ಗೊತ್ತಿತ್ತು. ಇಂಗ್ಲಿಷರ ನಾಲಗೆಗೆ ಷಕಾರ ಒಗ್ಗುವುದಿಲ್ಲವೆಂಬ ಧ್ವನಿಶಾಸ್ತ್ರವೂ ಗೊತ್ತಿತ್ತು. ಆದ್ದರಿಂದ ಲ್ಯಾಸ್ಕರ್ಸ್ ಎಂದರೆ ಲಷ್ಕರಿನವರು, ನಿಸ್ಸಂದೇಹ. ಬೀರುವಿನೊಳಗೆ ಇಂಗ್ಲಿಷ್ ನಿಘಂಟು ಇತ್ತು, ನಿಜ. ಅದಕ್ಕಾಗಿ ಅಧ್ಯಕ್ಷರ ಉಡಿದಾರದವರೆಗೂ ಹೋಗಬೇಕಾಗಿತ್ತು. ಮೇಲಾಗಿ ನಿಘಂಟು ನೋಡುವುದು ಅಲ್ಪಜ್ಞರ ಲಕ್ಷಣವೆಂದು ಆಗ ನಾನು ತಿಳಿದಿದ್ದೆ. ಕುಳಿತ ಭಂಗಿಯಲ್ಲೇ ಬರೆದೆ: ‘ಕರ್ತವ್ಯನಿಷ್ಠೆಯಿಂದ ಸಾಗರಗರ್ಭವನ್ನು ಪ್ರವೇಶಿಸಿ ಜಲಸಮಾಧಿಯನ್ನು ಹೊಂದಿದ ಮೇಲ್ಕಂಡ ಅಧಿಕಾರಿಗಳು ಮತ್ತು ಲಷ್ಕರಿನ ಸಮಸ್ತರು ಇವರ ಪುಣ್ಯಸ್ಮರಣಾರ್ಥ.’

ಈ ವಾಕ್ಯವನ್ನು ಸಭೆಯಲ್ಲಿ ಗಂಭೀರವಾಗಿ ಓದಿದೆ. ಕುಳಿತಿದ್ದ ಒಂಬತ್ತು ಜನರೂ ಲಷ್ಕರಿನವರು, ಒಂಬತ್ತು ಜನರೂ ಜೀವಂತ, ಒಬ್ಬರಂತೂ ನೆಲಗಡಲೆ ತಿನ್ನುತ್ತಿದ್ದರು. ತಾವೆಲ್ಲರೂ ಸಾಮೂಹಿಕವಾಗಿ ಸಮುದ್ರದಲ್ಲಿ ಮುಳುಗಿದ ವಾರ್ತೆಯನ್ನು ಕೇಳಿ ಚಪ್ಪಾಳೆ ತಟ್ಟಿದರು. ‘ಜಲಸಮಾಧಿ’ ತುಂಬಾ ಚೆನ್ನಾಗಿದೆ ಎಂದರೊಬ್ಬರು. ಅದನ್ನು ಇನ್ನೂ ಸ್ವಲ್ಪ ಘನವಾಗಿ ‘ಜಲಸಮಾಧಿಸ್ಥ’ ಮಾಡಲಾಗುವುದೇ ಎಂದು ಇನ್ನೊಬ್ಬರು ವಿಚಾರಿಸಿದರು.

ಸ್ಮಾರಕದ ನೆತ್ತಿಯ ಮೇಲೆ ಹಡಗಿನ ಲಂಗರು ಇರಬೇಕೆಂದು ಯಾರೋ ಸೂಚಿಸಿದರು. ದೇವರಾಜ ಮೊಹಲ್ಲಾದ ಕಮ್ಮಾರನಿಗೆ ನಾನೇ ಹೋಗಿ ವಿವರಿಸಿದೆ: ಕಬ್ಬಿಣದ್ದು, ಕೊಕ್ಕೆಗಳಿರುತ್ತವೆ, ಹಗ್ಗ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಅಷ್ಟು ಸಾಕು, ಗೊತ್ತಾಯಿತು ಎಂದು ತಲೆಯಾಡಿಸಿದ. ವಾರದ ಮೇಲೆ ಅವನು ತಂದದ್ದು ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ, ಅಚ್ಚುಕಟ್ಟಾದದ್ದು, ಮನೆಯಲ್ಲಿಟ್ಟುಕೊಂಡರೆ ಮೂರು ತಲೆಮಾರಿಗೆ ಸಾಕಾಗುವಂಥದ್ದು. ಲಂಗರನ್ನು ಕಣ್ಣಿನಿಂದ ಕಂಡವರು ಸಮಿತಿಯಲ್ಲಿ ಯಾರೂ ಇಲ್ಲದ್ದರಿಂದ ಆಕ್ಷೇಪಣೆ ಬರಲಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ಸಮಾರಂಭದ ಮೊದಲ ಸಾಲಿನಲ್ಲಿ ಸತ್ತವರ ಕಡೆಯವರೊಬ್ಬರಾದರೂ ಕುಳಿತು ಕಣ್ಣೊರೆಸಿಕೊಳ್ಳಬೇಕಲ್ಲ? ಲಷ್ಕರಿನ ಮನೆಮನೆ ವಿಚಾರಿಸಿದೆವು. ಸೋದರಮಾವ ಮಂಗಳೂರಿಗೆ ಹೋಗಿ ಭೇದಿಯಿಂದ ಸತ್ತನೆಂದು ಒಬ್ಬರು ಅರ್ಜಿ ಹಾಕಿದರು. ತಾತ ಎಮ್ಮೆ ತೊಳೆಯಲು ಇಳಿದು ಕೆರೆಯಲ್ಲಿ ಹೋದದ್ದನ್ನು ಪರಿಗಣಿಸಬಹುದೇ ಎಂದು ಇನ್ನೊಬ್ಬರು ಕೇಳಿದರು. ಹರಿಗೋಲಿನಲ್ಲಿ ತಲೆ ಸುತ್ತು ಬಂದಿದ್ದ ಮೂರನೆಯವರು ಬದುಕಿರುವ ಕಾರಣಕ್ಕೆ ಅನರ್ಹರಾದರು. ಕಡೆಗೆ ಮೊದಲ ಸಾಲಿನಲ್ಲಿ ಸಮಿತಿಯವರೇ ಕುಳಿತುಕೊಳ್ಳುವುದೆಂದು ತೀರ್ಮಾನವಾಯಿತು.

ಕಲ್ಲುಕುಟಿಕ ಬಸವಾಚಾರಿ ಕೆತ್ತನೆ ಮುಗಿಸಿದ. ನನ್ನ ವಾಕ್ಯ ಮೇಲೆ. ಅದರ ಕೆಳಗೆ ಪರದೆ ಎಳೆಯಲಿದ್ದ ಗಣ್ಯರು, ದಪ್ಪ ಅಕ್ಷರ. ಶಿವನಂಜಪ್ಪನವರು, ಅಷ್ಟೇ ದಪ್ಪ. ಸಮಿತಿಯ ಒಂಬತ್ತು ಜನ. ಎಲ್ಲಕ್ಕೂ ಕೊನೆಗೆ, ಒಂದು ಪೂರ್ತಿ ಸಾಲು: ‘ಕನ್ನಡಕ್ಕೆ ತಂದವರು’ ಎಂದು ಆರಂಭವಾಗಿ, ನನ್ನ ವಿದ್ವತ್ ಪದವಿ, ನನ್ನ ಹೆಸರು, ನನ್ನ ತಂದೆಯ ಹೆಸರಿನ ಮೊದಲಕ್ಷರ, ಕನ್ನಡ ಪಂಡಿತರು, ಲಕ್ಷ್ಮೀಪುರಂ. ಇದು ಸಭೆಯ ಒತ್ತಾಯದಿಂದ ಸೇರಿದ್ದೆಂದು ನಡವಳಿಯಲ್ಲಿದೆ. ಒತ್ತಾಯ ಮಾಡಿದವರ ಹೆಸರು ನಡವಳಿಯಲ್ಲಿಲ್ಲ, ನಡವಳಿ ಬರೆಯುತ್ತಿದ್ದವನು ನಾನೇ.

ಕಲ್ಲು ಸಿದ್ಧವಾಗುವ ತನಕ ಹಿತ್ತಾಳೆಯ ಫಲಕವನ್ನು ವಾಚನಾಲಯದ ಮೇಜಿನ ಮೇಲೆ ಸಾರ್ವಜನಿಕ ದರ್ಶನಕ್ಕೆ ಇಟ್ಟಿದ್ದೆವು. ಒಂದು ಮಧ್ಯಾಹ್ನ ಹೆಂಗಸೊಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಲವತ್ತರ ಆಸುಪಾಸು. ನಜರ್‌ಬಾದಿನ ದರ್ಜಿಯೊಬ್ಬನ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ತೆಗೆದು ಗುಂಡಿಮನೆ ಹೊಲಿಯುವವಳು, ಹೆಸರು ಕೆಂಪಮ್ಮ, ಊರು ನಂಜನಗೂಡು ದಾರಿಯ ಒಂದು ಹಳ್ಳಿ ಎಂದು ಕೇಳಿದ್ದಕ್ಕೆ ಹೇಳಿದಳು. ಫಲಕವನ್ನು ಮುಟ್ಟಬಹುದೇ ಎಂದಳು. ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ಬಿಚ್ಚಿ, ಮಡಿಕೆಗಳಲ್ಲಿ ಹರಿಯದಂತೆ ಅಂಗೈಯಿಂದ ನೇವರಿಸಿ, ಹಿತ್ತಾಳೆಯ ಕೊನೆಯ ಸಾಲಿಗೆ ಅದನ್ನು ತಾಗಿಸಿ ಇಟ್ಟಳು. ಒಂದು ಬೆರಳು ಕಾಗದದ ಮೇಲೆ, ಒಂದು ಬೆರಳು ಹಿತ್ತಾಳೆಯ ಮೇಲೆ; ಎರಡನ್ನೂ ಒಟ್ಟಿಗೆ ಒಂದೊಂದೇ ಅಕ್ಷರ ಮುಂದಕ್ಕೆ ಸರಿಸುತ್ತ ಹೋದಳು. ಯಾವುದೋ ವ್ರತವೆಂದುಕೊಂಡು ನಾನು ಸುಮ್ಮನೆ ನೋಡುತ್ತಿದ್ದೆ.

“ನಂಗೆ ಇಂಗ್ಲೀಷು ಬರಕ್ಕಿಲ್ಲ ಸ್ವಾಮಿ,” ಎಂದಳು. “ಈ ಆರಕ್ಸರ ಮಾತ್ರ ಬತ್ತದೆ. ನೋಡಿ ನೋಡಿ ಬಂದ್ಬುಟ್ಟೈತೆ. ನಮ್ಮೆಜಮಾನ್ರ ಹೆಸರಿಗೆ ಮುಂಚೆ ಇರೋವೂ ಇವೇಯ.”

ಬಗ್ಗಿ ನೋಡಿದೆ. ಅದೇ ಕಂಪನಿಯ ಕಾಗದ, ಅದೇ ಟೈಪು. ಅವಳ ಗಂಡನ ಹೆಸರಿಗೆ ಮುಂಚೆ ಎಲ್ಲ ದೊಡ್ಡಕ್ಷರಗಳಲ್ಲಿ ಲ್ಯಾಸ್ಕರ್ ಎಂದಿತ್ತು. ಇವನೂ ನಮ್ಮ ಲಷ್ಕರಿನವನೇ ಇರಬೇಕೆಂದು ಒಂದು ಗಳಿಗೆ ನನ್ನ ಪಾಂಡಿತ್ಯ ಕೊನೆಯ ಸಲ ಕೈಕಾಲು ಬಡಿಯಿತು. ಯಾವಾಗಲಾದರೂ ಲಷ್ಕರಿನಲ್ಲಿ ಮನೆ ಮಾಡಿದ್ದರೇ ಎಂದು ಕೇಳಿದೆ. ಇಲ್ಲವೆಂದಳು, ಹಡಗಿನಲ್ಲಿ ದುಡಿಯುವ ನಮ್ಮ ಕಡೆಯ ಆಳುಗಳನ್ನು ದೊರೆಗಳು ಹಾಗೇ ಕರೆಯುವುದಂತೆ, ಗಂಡ ಕಾಗದದಲ್ಲಿ ಬರೆಸಿದ್ದನಂತೆ. ಹೆಸರೇನೆಂದು ಕೇಳಿದ್ದಕ್ಕೆ ತಲೆ ತಗ್ಗಿಸಿ ಕಾಗದವನ್ನು ನನ್ನ ಕಡೆ ಸರಿಸಿದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಅವಳಲ್ಲಿರಲಿಲ್ಲ. ನಾನೇ ಓದಿದೆ: ಮರೀಗೌಡ.

ಆಮೇಲೆ ಅವಳು ಹೇಳಿದ ಕಥೆ ಚಿಕ್ಕದು. ಮರೀಗೌಡ ನಜರ್‌ಬಾದಿನಲ್ಲಿ ಬಿಡಾರ ಮಾಡಿಕೊಂಡು ಮಾರುಕಟ್ಟೆಯ ಹತ್ತಿರದ ಹೋಟೆಲಿನಲ್ಲಿ ಅಡಿಗೆಗೆ ಇದ್ದ. ಹುಳಿಗೆ ನೀರು ಬೆರೆಸುವ ವಿಷಯದಲ್ಲಿ ಯಜಮಾನನೊಂದಿಗೆ ಜಗಳವಾಡಿ, ಯಾರದೋ ಜೊತೆ ಬೊಂಬಾಯಿಗೆ ಹೋಗಿ, ಅಲ್ಲಿಂದ ಹಡಗಿನ ಅಡಿಗೆಮನೆ ಸೇರಿದ. ಸುತ್ತ ಇಷ್ಟೊಂದು ಉಪ್ಪು ನೀರಿದ್ದೂ ಸಾರಿಗೆ ಉಪ್ಪು ಬೇರೆ ಹಾಕಬೇಕು ನೋಡು ಎಂದು ಒಂದು ಕಾರ್ಡಿನಲ್ಲಿ ಬರೆಸಿದ್ದ. ಯುದ್ಧದ ನಡುವೆ ಕಾರ್ಡು ನಿಂತಿತು, ಈ ಕಾಗದ ಬಂತು. ಹಡಗು ಮುಳುಗಿತೆಂದು ಯಾರೋ ಗುಮಾಸ್ತರು ಓದಿ ಹೇಳಿದರು. ಅವಳು ನಂಬಿದಳು, ಹಳ್ಳಿಯವರು ನಂಬಲಿಲ್ಲ. ಬೊಂಬಾಯಿಗೆ ಹೋದ ಗಂಡಸು ಹಿಂದಿರುಗದಿದ್ದರೆ ಹಳ್ಳಿಯಲ್ಲಿ ಅದಕ್ಕೆ ಒಂದೇ ಅರ್ಥ. ಗಂಡನ ತಮ್ಮನೇ ಮುಂದಾಗಿ, ಅಣ್ಣ ಅಲ್ಲೊಬ್ಬಳನ್ನು ಕಟ್ಟಿಕೊಂಡಿದ್ದಾನೆಂದು ಊರಿಗೆಲ್ಲ ಸಾರಿದ. ಅಂದಿನಿಂದ ಅವಳಿಗೆ ಅಲ್ಲಿ ಬೇರೆ ಹೆಸರಿಲ್ಲ, ‘ಓಡೋದೋನ್ ಹೆಂಡ್ತಿ’ ಎಂಬುದೇ ಹೆಸರು. ಸತ್ತವನಿಗೆ ಮಾಡಬೇಕಾದದ್ದನ್ನು ಯಾರೂ ಮಾಡಲಿಲ್ಲ, ಸತ್ತಿದ್ದಾನೆಂದು ಯಾರೂ ಒಪ್ಪದೆ ಮಾಡುವುದು ಹೇಗೆ? ಇಂಗ್ಲಿಷಿನ ಕಾಗದವನ್ನು ಯಾರಿಗೆ ತೋರಿಸಿದರೂ ಪ್ರಯೋಜನವಿಲ್ಲ. ಕಲ್ಲಿನಲ್ಲಿ, ಕನ್ನಡದಲ್ಲಿ, ಅವನ ಹೆಸರು ಕಂಡರೆ ನಂಬುತ್ತಾರೆ. ಅದಕ್ಕೇ ಬಂದಿದ್ದಳು.

ಫಲಕದ ಕಡೆ ಮತ್ತೆ ತಿರುಗಿ, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟಳು. “ಇಲ್ಲಿ ಒಂದಕ್ಸರ ಜಾಸ್ತಿ ಐತಲ್ಲ ಸ್ವಾಮಿ, ಸುತ್ಕಂಡು ಕೂತಿರೋದು. ಅದೇನು?”

ಅದು ಬಹುವಚನದ ಗುರುತು, ಒಬ್ಬರಲ್ಲ, ತುಂಬಾ ಜನ ಎಂದು ಅರ್ಥ ಎಂದೆ. ವ್ಯಾಕರಣ ಹೇಳುವಾಗ ನನ್ನ ಧ್ವನಿ ತಾನಾಗಿಯೇ ಮೇಷ್ಟರ ಧ್ವನಿಯಾಗುತ್ತದೆ.

“ಅಂಗಾದ್ರೆ ನಮ್ಮೋರು ಆ ಒಂದಕ್ಸರದೊಳಗವ್ರೆ ಅನ್ನಿ,” ಎಂದಳು.

ಅವಳು ಹೋದ ಮೇಲೆ ನಾನು ಶಿವನಂಜಪ್ಪನವರ ಮನೆಗೆ ಹೋಗಿ, ಉಡಿದಾರದಿಂದ ಬೀಗದ ಕೈ ಬಿಡಿಸಿಕೊಂಡು ಬಂದು, ನಿಘಂಟು ತೆಗೆದೆ. ಲ್ಯಾಸ್ಕರ್: ಪೂರ್ವದೇಶಗಳ ನಾವಿಕ, ಹಡಗಿನ ಆಳು. ಮೂಲ ಅದೇ ಪಾರಸಿ. ನನ್ನ ವ್ಯುತ್ಪತ್ತಿ ಸರಿಯಾಗಿಯೇ ಇತ್ತು, ಅರ್ಥವೊಂದು ಬಿಟ್ಟು. ನೆಲದ ಮೇಲೆ ದಂಡಾಗಿದ್ದ ಪದ ಹಡಗು ಹತ್ತಿದ ಮೇಲೆ ಕೂಲಿಗಿಳಿದಿತ್ತು, ಅದನ್ನು ಗುಂಡಿಮನೆ ಹೊಲಿಯುವ ಹೆಂಗಸು ಅಕ್ಷರದ ಆಕಾರ ನೋಡಿ ತಿಳಿದಿದ್ದಳು, ವಿದ್ವಾನ್ ಪದವೀಧರನಿಗೆ ತಿಳಿದಿರಲಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಒಂದು ಅಕ್ಷರ ನನ್ನನ್ನು ಕಾಡಿತು. ನಾವು ಕನ್ನಡದವರು ಬಹುವಚನವನ್ನು ಗೌರವಕ್ಕೆ ಬಳಸುತ್ತೇವೆ. ಶಿವನಂಜಪ್ಪನವರು ಬಂದರು, ಕುಳಿತರು, ಆಕಳಿಸಿದರು ಎನ್ನುತ್ತೇವೆ; ಒಬ್ಬರೇ ಆಕಳಿಸಿದರೂ ಹತ್ತು ಜನ ಆಕಳಿಸಿದಷ್ಟು ಮರ್ಯಾದೆ ಕೊಡುತ್ತೇವೆ. ಕಂಪನಿಯ ಬಹುವಚನ ಬೇರೆ. ದೊರೆಗಳು ಒಬ್ಬೊಬ್ಬರಾಗಿ ಮುಳುಗಿದ್ದರು, ನಮ್ಮವರು ಸಗಟಾಗಿ ಮುಳುಗಿದ್ದರು. ನಾನಾದರೋ ಆ ಸಗಟನ್ನೂ ಅವರಿಂದ ಕಸಿದುಕೊಂಡು ಲಷ್ಕರ್ ಮೊಹಲ್ಲಾದ ತರಕಾರಿ ಕೊಳ್ಳುವ ಜನಕ್ಕೆ ಹಂಚಿಬಿಟ್ಟಿದ್ದೆ.

ಮರುದಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡೆ. ಒಬ್ಬರು, ಕಲ್ಲಿನಲ್ಲಿ ಬರೆದಾಗಿದೆಯಲ್ಲ ಎಂದರು. ಕಾಗದದಲ್ಲಾಗಿದ್ದರೆ ತಪ್ಪು, ಕಲ್ಲಿನಲ್ಲಿ ಅದು ಶಾಸನ. ಇನ್ನೊಬ್ಬರು, ಗಣ್ಯರು ಒಪ್ಪಿಗೆ ಕೊಟ್ಟಾಗಿದೆ, ಇದು ನಮ್ಮ ಮೊಹಲ್ಲಾದ ಸ್ಮಾರಕವಲ್ಲವೆಂದು ಈಗ ಗೊತ್ತಾದರೆ ಅವರಿಗೆ ಬೇಸರವಾಗುತ್ತದೆಂದರು. ಆ ಹೆಂಗಸಿನ ಗಂಡನ ಹೆಸರನ್ನಾದರೂ ಸೇರಿಸೋಣವೆಂದೆ. ಶಿವನಂಜಪ್ಪನವರು ಕಣ್ಣು ಮುಚ್ಚಿ ಯೋಚಿಸಿ, ಮೃತನು ನಜರ್‌ಬಾದಿನವನಾದ್ದರಿಂದ ಲಷ್ಕರಿನ ಸರಹದ್ದಿಗೆ ಬರುವುದಿಲ್ಲ, ನಜರ್‌ಬಾದಿನವರು ಪ್ರತ್ಯೇಕ ಅರ್ಜಿ ಹಾಕಿಕೊಳ್ಳತಕ್ಕದ್ದು ಎಂದು ಹುಕುಂ ಮಾಡಿದರು. ಎರಡು ಮೊಹಲ್ಲಾಗಳ ನಡುವೆ ಕಾಲು ಗಂಟೆಯ ನಡಿಗೆ. ಲಕ್ಷ್ಮೀಪುರಂವಾಸಿಯಾದ ನಾನು ಲಷ್ಕರಿಗೆ ಕಾರ್ಯದರ್ಶಿಯಾಗಬಹುದು, ಮುಳುಗಿದ ಒಂದೇ ಒಂದು ನಿಜವಾದ ಮನುಷ್ಯ ಆ ಕಾಲು ಗಂಟೆಯನ್ನು ದಾಟಿ ಬರುವ ಹಾಗಿಲ್ಲ. ಇದನ್ನು ನಾನು ಅಲ್ಲಿ ಹೇಳಬೇಕಾಗಿತ್ತು. ಹೇಳಲಿಲ್ಲ, ನಡವಳಿ ಬರೆದುಕೊಂಡೆ.

ಬಸವಾಚಾರಿಯನ್ನು ಕೇಳಿದೆ. ಕಲ್ಲು ತುಂಬಿದೆ, ಹೊಸ ಸಾಲಿಗೆ ಬೆರಳು ಅಗಲ ಜಾಗವಿಲ್ಲ ಎಂದ. ಬೇಕಾದರೆ ಯಾವುದಾದರೂ ಒಂದು ಸಾಲನ್ನು ತಗ್ಗಾಗಿ ಕೆತ್ತಿ ತೆಗೆದು, ಆ ತಗ್ಗಿನಲ್ಲಿ ಬೇರೆ ಬರೆಯಬಹುದು. ಯಾರ ಸಾಲು ಎಂದು ನೀವೇ ಹೇಳಿ ಎಂದು ಉಳಿ ಮಸೆಯುತ್ತ ಕುಳಿತ. ಮೇಲಿನಿಂದ ಕೆಳಕ್ಕೆ ನೋಡಿದೆ. ಗಣ್ಯರನ್ನು ತೆಗೆಯುವಂತಿಲ್ಲ. ಅಧ್ಯಕ್ಷರನ್ನು ತೆಗೆದರೆ ನಾನು ಲಷ್ಕರಿಗೆ ಕಾಲಿಡುವಂತಿಲ್ಲ. ಸಮಿತಿಯವರು ಒಂಬತ್ತು ಜನ, ಒಂಬತ್ತು ಜಗಳ. ಕಣ್ಣು ಕೊನೆಯ ಸಾಲಿಗೆ ಬಂದು ನಿಂತಿತು. ನೋಡೋಣ ಎಂದು ಹೇಳಿ ಮನೆಗೆ ಬಂದೆ.

ಮೂರು ದಿನ ನೋಡಿದೆ. ತಾವು ನಗಬಹುದು, ಆದರೆ ಜೀವಮಾನದಲ್ಲಿ ನನ್ನ ಹೆಸರು ಕಲ್ಲಿನ ಮೇಲೆ ಏರಿದ್ದು ಅದೊಂದೇ ಸಲ. ಇಷ್ಟು ವರ್ಷ ಎಲ್ಲರ ಹೆಸರನ್ನೂ ಬಗ್ಗಿ ಬಗ್ಗಿ ಓದಿದವನಿಗೆ ತನ್ನದೂ ಒಂದು ಇರಲೆಂದು ಆಸೆಯಾದರೆ ತಪ್ಪೇ? ಇದನ್ನೇ ಹೆಂಡತಿಯ ಮುಂದೆ ತೋಡಿಕೊಂಡೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ತಲೆಯೆತ್ತಲಿಲ್ಲ. “ನಿಮ್ಮ ಹೆಸರು ರೇಷನ್ ಕಾರ್ಡಿನಲ್ಲಿದೆ ಕಣ್ರೀ, ಸ್ಕೂಲಿನ ಹಾಜರಿ ಪುಸ್ತಕದಲ್ಲಿದೆ. ನೀವು ಸಾಯಂಕಾಲ ಮನೆಗೂ ಬರ್ತೀರಿ. ನನಗೆ ಅಷ್ಟು ಸಾಕು. ಅವಳಿಗೆ ಇದರಲ್ಲಿ ಒಂದಾದ್ರೂ ಇದೆಯಾ?” ಎಂದಳು.

ಮರುದಿನ ಬೆಳಿಗ್ಗೆ ಬಸವಾಚಾರಿಯ ಕೊಟ್ಟಿಗೆಗೆ ಹೋಗಿ, ನನ್ನ ಹೆಸರನ್ನು ಅಳಿಸಿ ಅಲ್ಲಿ ಇದನ್ನು ಕೆತ್ತು ಎಂದು ಚೀಟಿ ಕೊಟ್ಟು, ಕೆತ್ತುವುದನ್ನು ನೋಡುವ ಧೈರ್ಯವಿಲ್ಲದೆ ಹಿಂದಿರುಗಿದೆ. ಚೀಟಿಯಲ್ಲಿ ಬರೆದಿದ್ದೆ: ‘ಮುಳುಗಿದ ಹಡಗಿನಲ್ಲಿ ತೀರಿಕೊಂಡ ನಜರ್‌ಬಾದಿನ ಮರೀಗೌಡರು.’

ವಾಚನಾಲಯದ ಮುಂದೆ ಅನಾವರಣ ಸಾಂಗವಾಗಿ ನಡೆಯಿತು. ಗಣ್ಯರು ಸಮುದ್ರದ ಆಳದ ಬಗ್ಗೆ ಮಾತನಾಡಿದರು, ಶಿವನಂಜಪ್ಪನವರು ಲಷ್ಕರಿನ ಹಿರಿಮೆಯ ಬಗ್ಗೆ ಮಾತನಾಡಿದರು, ನೆತ್ತಿಯ ಮೇಲಿನ ಪಾತಾಳಗರಡಿಯನ್ನು ಎಲ್ಲರೂ ಮೆಚ್ಚಿದರು. ಪರದೆ ಸರಿದಾಗ ಪ್ರತಿಯೊಬ್ಬರೂ ತಮ್ಮ ಹೆಸರಿನವರೆಗೆ ಓದಿಕೊಂಡು ತೃಪ್ತಿಯಿಂದ ನಿಲ್ಲಿಸಿದ್ದರಿಂದ ಕೊನೆಯ ಸಾಲನ್ನು ಯಾರೂ ತಲುಪಲಿಲ್ಲ. ನಾನು ತಲುಪಿದೆ, ಇನ್ನೊಮ್ಮೆ ಬಗ್ಗಿ ಓದಿದೆ. ಬಸವಾಚಾರಿ ಹೇಳಿದಷ್ಟನ್ನೇ ಮಾಡುವ ಪ್ರಾಮಾಣಿಕ. ನನ್ನ ಹೆಸರನ್ನು ಅಳಿಸು ಎಂದಿದ್ದೆ, ಹೆಸರನ್ನೂ ಅದಕ್ಕೆ ಅಂಟಿದ್ದ ಪದವಿ, ವಿಳಾಸಗಳನ್ನೂ ಅಷ್ಟೇ ಅಳಿಸಿದ್ದ. ಸಾಲಿನ ಆರಂಭ ಇದ್ದ ಹಾಗೇ ಇತ್ತು: ‘ಕನ್ನಡಕ್ಕೆ ತಂದವರು: ಮುಳುಗಿದ ಹಡಗಿನಲ್ಲಿ ತೀರಿಕೊಂಡ ನಜರ್‌ಬಾದಿನ ಮರೀಗೌಡರು.’

ಸರಿಪಡಿಸುವುದಕ್ಕೆ ಪುರಸೊತ್ತಾಗಲಿಲ್ಲ. ಹೆಸರು ಕಲ್ಲಿಗೇರಿದೆಯೆಂದು ನಾನು ಹೇಳಿಕಳುಹಿಸಿದ್ದರಿಂದ ಮುಂದಿನ ಭಾನುವಾರವೇ ಕೆಂಪಮ್ಮ ಹಳ್ಳಿಯಿಂದ ಮೈದುನನನ್ನು ಕರೆದುಕೊಂಡು ಬಂದಳು. ಬೋರೇಗೌಡ ಎಂದು ಹೆಸರು. ತಲೆಗೆ ಟವೆಲು ಸುತ್ತಿದ ಗಟ್ಟಿ ಆಳು, ಏನು ತೋರಿಸುತ್ತೀಯೋ ತೋರಿಸು ಎಂಬ ಬಿಗುಮಾನದ ಮುಖ. ದಾರಿಯುದ್ದಕ್ಕೂ ಅತ್ತಿಗೆಯೊಂದಿಗೆ ಒಂದು ಮಾತೂ ಆಡಿರಲಿಲ್ಲವಂತೆ. ಅವನು ನಾಲ್ಕನೆಯ ತರಗತಿಯವರೆಗೆ ಓದಿದ್ದವನು. ಕಲ್ಲಿನ ಮುಂದೆ ನಿಂತು ಮೇಲಿನಿಂದ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದ. ಆ ಕಲ್ಲನ್ನು ಪೂರ್ತಿಯಾಗಿ ಓದಿದವರು ಇವತ್ತಿನವರೆಗೂ ಅವನೂ ನಾನೂ ಇಬ್ಬರೇ ಎಂದು ಧೈರ್ಯವಾಗಿ ಹೇಳಬಲ್ಲೆ. ಲಷ್ಕರಿನ ಸಮಸ್ತರು ಮುಳುಗಿದ್ದನ್ನು ಓದಿ, ಸುತ್ತಲೂ ಓಡಾಡುತ್ತಿದ್ದ ಜನರನ್ನೊಮ್ಮೆ ನೋಡಿ, ಮುಂದಕ್ಕೆ ಹೋದ. ಗಣ್ಯರನ್ನೂ ಒಂಬತ್ತು ಜನರನ್ನೂ ದಾಟಿ ಕೊನೆಯ ಸಾಲಿಗೆ ಬಂದ. ಅಣ್ಣನ ಹೆಸರು ಬಂದಾಗ ಧ್ವನಿ ನಿಂತಿತು. ಮತ್ತೆ ಮೊದಲಿನಿಂದ ಆ ಸಾಲನ್ನು ಓದಿದ, ಈ ಸಲ ಮನಸ್ಸಿನಲ್ಲೇ, ತುಟಿಯಾಡಿಸುತ್ತ. ತಲೆಯ ಟವೆಲನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಕೆಂಪಮ್ಮ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.

ಆಮೇಲೆ ಅವನು ಅವಳ ಕಡೆ ತಿರುಗಿದ.

“ಅತ್ತಿಗೆ, ಅಣ್ಣಂಗೆ ಇಂಗ್ಲೀಷೂ ಬತ್ತಿತ್ತಾ?” ಎಂದ.

ಅವಳು ನನ್ನ ಕಡೆ ನೋಡಿದಳು. ನಾನು ಕನ್ನಡ ಪಂಡಿತ, ಲ್ಯಾಸ್ಕರ್ ಎಂಬ ಮಾತಿನ ಅರ್ಥವನ್ನು ಮರೀಗೌಡನಿಂದ ಕಲಿತವನು; ಸುಳ್ಳು ಹೇಳುವ ಅಗತ್ಯ ಆವತ್ತು ಬೀಳಲಿಲ್ಲ.

“ಬರುತ್ತಿತ್ತು ಗೌಡರೇ,” ಎಂದೆ. “ನನಗಿಂತ ಚೆನ್ನಾಗಿ ಬರುತ್ತಿತ್ತು.”